ಬಾಗಿಲು ಮುಚ್ಚುತ್ತದೋ ಇಲ್ಲವೋ

ಸೋಮವಾರ ಬೆಳಿಗ್ಗೆ ಕನ್ನಡಕದವ ತೀರಿಕೊಂಡ. ಅಂಗಡಿಯಲ್ಲಿ ಕೂತಿದ್ದಂತೆಯೇ ಹೃದಯ ನಿಂತಿತು.

ಊರಿನ ಅರ್ಧ ಜನಕ್ಕೆ ಕನ್ನಡಕ ಮಾಡಿಕೊಟ್ಟ ಈ ನನ್ನ ಗೆಳೆಯನಿಗೆ ಕೋಪ ಮೂಗಿನ ತುದಿಯಲ್ಲಿತ್ತು. ಇದನ್ನು ಬರೆಯುವಾಗಲೂ, "ಪೀಠಿಕೆ ಸಾಕು, ವಿಷಯಕ್ಕೆ ಬಾರೋ" ಎಂದು ಬೈದಂತೆ ಕೇಳಿಸುತ್ತದೆ.

ವಿಷಯ ಇಷ್ಟೇ. ಅವನ ಹೆಂಡತಿಯ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಬಚ್ಚಲಿಗೆ ಅವನೇ ಎತ್ತಿಕೊಂಡು ಹೋಗಬೇಕು, ಪಕ್ಕದಲ್ಲೇ ಹಿಡಿದು ನಿಲ್ಲಬೇಕು. ಆಕೆ ಕೇಳಿದ್ದು ಒಂದೇ: "ಬಾಗಿಲು ಹಾಕ್ಕೊಂಡು ಒಬ್ಬಳೇ ಸ್ನಾನ ಮಾಡಬೇಕು ಕಣ್ರೀ." ಅದಕ್ಕೆ ಬಚ್ಚಲೊಳಗೆ ಹೋಗುವಂಥ ಗಾಲಿಕುರ್ಚಿ ಬೇಕಿತ್ತು.

ಅವನ ಅಳಿಯ ಫೋನು ಹಿಡಿದು ಬಂದ. "ಮಾವ, ಈ ವಿಡಿಯೋ ನೋಡಿ. ಲಕ್ಷ ಜನ ನೋಡಿದ್ದಾರೆ."

ವಿಡಿಯೋದವನು ಪೆಟ್ಟಿಗೆಯ ಟೇಪು ಬಿಚ್ಚುವಷ್ಟರಲ್ಲಿ ನಮ್ಮ ಚಹಾ ಆರಿಹೋಯಿತು. ಆಮೇಲೆ ಕುರ್ಚಿಯನ್ನು ದೊಡ್ಡ ಹಾಲಿನಲ್ಲಿ ಗಿರಗಿರನೆ ತಿರುಗಿಸಿದ.

"ಖಾಲಿ ಕುರ್ಚಿ ತಳ್ಕೊಂಡು ಹಲ್ಲು ಕಿರೀತಾನಲ್ಲೋ! ಅಗಲ ಎಷ್ಟು ಅಂದ್ರೆ ಸಂಗೀತ ಹಾಕ್ತಾನೆ."

"ಮುಂದೆ ಹೇಳ್ತಾನೆ ಮಾವ, ಸ್ವಲ್ಪ ಓಡಿಸಿ."

"ಎಲ್ಲಿಗೆ ಅಂತ ಓಡಿಸ್ಲಿ? ಬರೆದಿದ್ರೆ ಕಣ್ಣು ಹಾಯಿಸಿ ಬೇಕಾದ್ದು ಹೆಕ್ಕಿಕೊಳ್ತಿದ್ದೆ. ಇವನು ಬಾಯಿ ಬಿಡೋವರೆಗೂ ನಾನು ಬಾಯಿ ಮುಚ್ಕೊಂಡು ಕೂರಬೇಕಾ?"

ಅಳಿಯ ಅವಸರ ಮಾಡಿ ಅದನ್ನೇ ತರಿಸಿದ. ಕುರ್ಚಿ ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಂಡಿತು. ಚೌಕಟ್ಟಿಗೆ ಉಜ್ಜಿ ಆಕೆಯ ಬೆರಳು ಸುಲಿಯಿತು. ವಿಡಿಯೋದವನು ಹೇಳಿದ್ದು ಬರೀ ಸೀಟಿನ ಅಗಲ.

ಅದನ್ನು ವಾಪಸು ಕಳಿಸಿ, ಗೆಳೆಯ ತನ್ನ ಅಂಗಡಿಯಲ್ಲಿ ಕೂತು, ಕುರ್ಚಿ ಕೊಂಡವರು ಬರೆದ ಅಭಿಪ್ರಾಯಗಳನ್ನು ಫೋನಿನಲ್ಲಿ ಓದತೊಡಗಿದ. ನನಗೂ ಒಂದಷ್ಟು ಹಂಚಿದ. "ಹೊಗಳಿಕೆ ಬಿಡು, ಗೊಣಗಾಟ ಓದು. ಗೊಣಗೋನು ಬಳಸಿರ್ತಾನೆ."

ತಾಯಿಗೆ ಕುರ್ಚಿ ತಂದ ಒಬ್ಬಾಕೆ ಬರೆದಿದ್ದಳು: "ದೊಡ್ಡ ಚಕ್ರದ ಕುರ್ಚಿಯಾದರೆ ಚಕ್ರವನ್ನು ಕೈಯಿಂದ ತಿರುಗಿಸುವ ಹೊರಗಿನ ಬಳೆಯನ್ನೂ ಸೇರಿಸಿ ಅಳೆಯಿರಿ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಸಣ್ಣ ಚಕ್ರದ್ದು ನಮ್ಮ ಇಕ್ಕಟ್ಟಿನ ಬಚ್ಚಲಿಗೂ ಹೋಗುತ್ತದೆ. ನೆನೆದರೂ ತುಕ್ಕು ಹಿಡಿಯುವುದಿಲ್ಲ."

"ಪುಣ್ಯಾತ್ಗಿತ್ತಿ," ಎಂದವನು ಮರುಗಳಿಗೆಯೇ ಸಿಡುಕಿದ. "ಒಳಗೆ ಹೋದ ಮೇಲೆ ಬಾಗಿಲು ಮುಚ್ಚುತ್ತೋ ಇಲ್ವೋ ಬರೆದೇ ಇಲ್ಲ ನೋಡು! ಒಳ್ಳೆಯವರೂ ಹೀಗೆ ನಡುನೀರಲ್ಲಿ ಕೈ ಬಿಟ್ರೆ?"

ಆದರೂ ಅದನ್ನೇ ತರಿಸಿದ. ಕುರ್ಚಿ ಭಾನುವಾರ ಸಂಜೆ ಬಂತು. ಮರುದಿನ ಬೆಳಿಗ್ಗೆ ಆಕೆಯನ್ನು ಕೂರಿಸಿ ಒಳಗೆ ತಳ್ಳಿದ. "ಇನ್ನು ನಡೀರಿ ಹೊರಗೆ," ಎಂದಳಂತೆ. ಸ್ನಾನ ಮುಗಿಸಿ ಆಕೆ ಕರೆಯುವವರೆಗೂ ಹೊರಗೇ ಕಾದ. ಆಮೇಲೆ ಅಂಗಡಿ ತೆರೆದು, ಫೋನು ತೆಗೆದು, ಆ ಹೆಂಗಸು ಬರೆದದ್ದರ ಕೆಳಗೆ ಒಂದೇ ಬೆರಳಿನಲ್ಲಿ ಒತ್ತಿ ಕಳಿಸಿದ: "ಕುರ್ಚಿ ಒಳಗೆ ಹೋದ ಮೇಲೆ ಬಾಗಿಲು ಮುಚ್ಚುತ್ತದೆ. ಕೂತಲ್ಲಿಂದಲೇ ಚಿಲಕ ಎಟಕುತ್ತದೆ."