ಗೋಡೆಯೊಳಗಿನ ಐದು ಸಾಲು

ಅವನನ್ನು ಎಲ್ಲರೂ ಕನ್ನಡಿ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಅವನು ಗಿಲಾವು ಮಾಡಿದ ಗೋಡೆಗೆ ಕೆನ್ನೆ ಒತ್ತಿದರೂ ಒಂದು ಮರಳಿನ ಕಾಳು ಚುಚ್ಚುತ್ತಿರಲಿಲ್ಲ. ಆ ಮರಳನ್ನು ಇಪ್ಪತ್ತೆರಡು ವರ್ಷ ಜರಡಿ ಹಿಡಿದವಳು ಅವನ ಹೆಂಡತಿ. "ಹೊಗಳಿಸಿಕೊಳ್ಳೋದು ನೀವು, ಕಣ್ಣಿಗೆ ಧೂಳು ಹಾಕಿಸಿಕೊಳ್ಳೋದು ನಾನು" ಅಂತ ಅವಳು ಗೊಣಗಿದರೆ, "ಧೂಳು ಬಿದ್ದಿರೋದಕ್ಕೇ ಕಣೇ, ನಿನ್ನ ಕಣ್ಣಿಗೆ ನಾನು ಇನ್ನೂ ಚೆನ್ನಾಗಿ ಕಾಣ್ತಿರೋದು" ಅನ್ನುತ್ತಿದ್ದ.

ಅವನದೊಂದು ಪದ್ಧತಿ ಇತ್ತು. ಹೊಸ ಕೆಲಸ ಒಪ್ಪಿಕೊಂಡಾಗ ಕಾಗದ ಕೇಳುತ್ತಿರಲಿಲ್ಲ. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು, ಆಡಿದ ಮಾತನ್ನೆಲ್ಲ ಬರಿ ಇಟ್ಟಿಗೆಯ ಗೋಡೆ ಮೇಲೆ ಬರೆಯುತ್ತಿದ್ದ. ದರ ಎಷ್ಟು, ಯಾವ ಕೆಲಸ ನಮ್ಮದು, ಯಾವುದು ಅಲ್ಲ. ಕೆಳಗೆ ಇಬ್ಬರ ಸಹಿ. ಕೆಲಸ ಕೊಟ್ಟವರು ಎಲ್ಲ ಚುಕ್ತಾ ಮಾಡುವ ತನಕ ಆ ಗೋಡೆ ಹಾಗೇ ನಿಂತಿರುತ್ತಿತ್ತು. ಆಮೇಲೆ ತಾನೇ ಗಾರೆ ಹೊಡೆದು ಮುಚ್ಚುತ್ತಿದ್ದ. ಒಂದು ಸಲವೂ ಜಗಳ ಆಗಿರಲಿಲ್ಲ.

ಗ್ರಂಥಾಲಯದ ಕಟ್ಟಡದಲ್ಲೂ ಹಾಗೇ ಮಾಡಿದ. ಮೆಟ್ಟಿಲು ತಿರುಗುವ ಕಡೆ ಇದ್ದ ಗೋಡೆ. ಒಟ್ಟು ಐದು ಸಾಲು. ಐದನೆಯದು, ನೆಲಮಾಳಿಗೆಗೆ ನೀರು ಇಳಿಯದಂತೆ ಮಾಡುವ ಕೆಲಸ ನಮ್ಮದಲ್ಲ ಅಂತ. ಬರೆದದ್ದನ್ನು ಜೋರಾಗಿ ಓದಿದ. ಕೆಲಸ ಕೊಟ್ಟ ದೊಡ್ಡ ಗುತ್ತಿಗೆದಾರನ ಮ್ಯಾನೇಜರ್ ನಗುತ್ತಾ, "ಏನು ಮೇಸ್ತ್ರಿ, ಶಾಸನ ಕೆತ್ತಿಸ್ತಾ ಇದ್ದೀರಾ?" ಅಂತ ಕೇಳಿ ಸಹಿ ಹಾಕಿದ. ಅವಳು ನೀರಿನ ಬಿಂದಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಹದಿನೈದು ದಿನ ಬಿಟ್ಟು ಗುತ್ತಿಗೆದಾರನ ಕಚೇರಿಯಿಂದ ಒಂದು ಕಾಗದ ಬಂತು. ಸಣ್ಣ ಅಕ್ಷರದ ಎಂಟು ಹಾಳೆ. "ಎಲ್ಲ ಗೋಡೆ ಮೇಲೆ ಆಗಿಹೋಗಿದೆ, ಇದೇನು ಮತ್ತೆ ಪುರಾಣ" ಅಂತ ಮೇಸ್ತ್ರಿ ಅದನ್ನು ಗಡಿಯಾರದ ಹಿಂದೆ ಸಿಕ್ಕಿಸಿ ಕೆಲಸಕ್ಕೆ ಹೋದ. ಉದ್ಘಾಟನೆ ಹತ್ತಿರ ಬಂದಾಗ ಮ್ಯಾನೇಜರ್ ಬೆನ್ನು ಬಿದ್ದ. "ದೊಡ್ಡವರು ಮೆಟ್ಟಿಲು ಹತ್ತಿ ಬರ್ತಾರೆ ಮೇಸ್ತ್ರಿ. ಇಟ್ಟಿಗೆ ಕಾಣಿಸಿದ್ರೆ ನನ್ನ ಮರ್ಯಾದೆ ಏನಾಗಬೇಕು?" ಮೇಸ್ತ್ರಿಗೆ ಅಯ್ಯೋ ಅನ್ನಿಸಿತು. ಚುಕ್ತಾ ಆಗುವ ಮೊದಲೇ ಆ ಗೋಡೆ ಮುಚ್ಚಿದ. ಅವನ ಜೀವಮಾನದಲ್ಲಿ ಅದೊಂದೇ ಸಲ.

ಮೊದಲ ಮಳೆಗೇ ನೆಲಮಾಳಿಗೆಗೆ ನೀರು ನುಗ್ಗಿತು. ಪುಸ್ತಕದ ಕಟ್ಟುಗಳು ನೆನೆದು ಉಬ್ಬಿದವು. ಗುತ್ತಿಗೆದಾರ ತಪ್ಪನ್ನು ಮೇಸ್ತ್ರಿಯ ತಲೆಗೆ ಕಟ್ಟಿದ. ಗಡಿಯಾರದ ಹಿಂದಿದ್ದ ಎಂಟು ಹಾಳೆಯಲ್ಲಿ ನೀರು ತಡೆಯುವ ಕೆಲಸವೂ ಮೇಸ್ತ್ರಿಯದೇ ಅಂತ ಇತ್ತು. ಏಳು ದಿನದೊಳಗೆ ಬೇಡ ಅನ್ನದೆ ಕೆಲಸ ಮುಂದುವರಿಸಿದರೆ ಒಪ್ಪಿದ ಹಾಗೆ ಅಂತಲೂ ಇತ್ತು. ಇಂಥ ವ್ಯಾಜ್ಯ ಬಗೆಹರಿಸೋಕೆ ನೇಮಿಸಿದ್ದ ತೀರ್ಪುಗಾರರ ಮುಂದೆ ಗಂಡ ಹೆಂಡತಿ ಕೂತರು. ತೀರ್ಪುಗಾರರು ನಿವೃತ್ತ ಇಂಜಿನಿಯರ್, ಮೆತ್ತಗೆ ಮಾತಾಡುವವರು. ಮ್ಯಾನೇಜರ್ ತಲೆ ಎತ್ತದೆ, "ಗೋಡೆ ಮೇಲೆ ಬರೆದದ್ದು ನನಗೆ ನೆನಪಿಲ್ಲ ಸರ್" ಅಂದ.

"ನೀವು ನೋಡಿದ್ರಾ ಅಮ್ಮಾ?" ಅಂತ ತೀರ್ಪುಗಾರರು ಅವಳನ್ನು ಕೇಳಿದರು.

"ನೋಡ್ದೆ. ಐದು ಸಾಲು. ಇವರು ಓದಿದ್ರು, ಅವರು ನಗ್ತಾ ಸಹಿ ಹಾಕಿದ್ರು."

"ಓದಿದ್ದೇ ಅಲ್ಲಿ ಬರೆದಿತ್ತಾ?"

ಹೌದು ಅನ್ನಬಹುದಿತ್ತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. "ನನಗೆ ಓದೋಕೆ ಬರಲ್ಲ ಸ್ವಾಮಿ" ಅಂದಳು. ಹೊರಗೆ ಬಂದಮೇಲೆ ಮೇಸ್ತ್ರಿ ಅದರ ಮಾತೇ ಎತ್ತಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ತೀರ್ಪುಗಾರರು ಒಳ್ಳೆಯವರೇ. ಗೋಡೆ ಒಡೆದು ನೋಡೋಣ ಅಂದರು. ಐದನೆಯ ಸಾಲು ಸಿಕ್ಕರೆ ಮೇಸ್ತ್ರಿ ಉಳಿದ. ಇಲ್ಲವಾದರೆ ನೆಲಮಾಳಿಗೆಯನ್ನು ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು, ಜೊತೆಗೆ ಮಾತಿಗೆ ತಪ್ಪಿದವನು ಅನ್ನಿಸಿಕೊಳ್ಳಬೇಕು. ಮೇಸ್ತ್ರಿ ಬೆರಳಿನಿಂದ ಜಾಗ ಗುರುತು ಮಾಡಿ ತಾನೇ ಉಳಿ ಹಿಡಿದ.

ಗಾರೆ ಬಿಡಲಿಲ್ಲ. ಇಟ್ಟಿಗೆಯನ್ನು ಎರಡು ಸಲ ನೆನೆಸಿ, ಸಂದು ಕೆರೆದು, ಸಿಮೆಂಟ್ ಹಾಲು ಎರಚಿ ಹೊಡೆದ ಗಿಲಾವು ಅದು. ಅವಳೇ ಜರಡಿ ಹಿಡಿದ ಮರಳು. ಅರ್ಧಂಬರ್ಧ ಕೆಲಸ ಮಾಡಿದ್ದರೆ ಒಣಗಿದ ಗಾಯದ ಹಕ್ಕಳೆಯ ಹಾಗೆ ಸಲೀಸಾಗಿ ಏಳುತ್ತಿತ್ತು. ಇದು ಇಟ್ಟಿಗೆಯ ಮುಖವನ್ನೇ ಕಿತ್ತುಕೊಂಡು ಪುಡಿಪುಡಿಯಾಗಿ ಉದುರಿತು. ಒಂದೆರಡು ಬೂದು ಗೆರೆ ಕಂಡವು, ಅಷ್ಟೇ. ಮೇಸ್ತ್ರಿ ಮಂಡಿಯೂರಿ ಪುಡಿಯನ್ನು ಅಂಗೈಗೆ ಹಾಕಿಕೊಂಡು ಹುಡುಕಿದ. ಅವಳು ಅವನ ಭುಜ ಹಿಡಿದು ಎಬ್ಬಿಸಬೇಕಾಯಿತು.

"ಇಷ್ಟು ಗಟ್ಟಿ ಕೆಲಸ ನಾನು ನೋಡಿಲ್ಲ ಮೇಸ್ತ್ರಿ" ಅಂದರು ತೀರ್ಪುಗಾರರು. ನಿಜವಾಗಿ ಮೆಚ್ಚಿಯೇ ಅಂದರು. ಆಮೇಲೆ ಎಂಟು ಹಾಳೆಯ ಪ್ರಕಾರ ತೀರ್ಪು ಬರೆದರು.

ನಿಂತು ಕೆಲಸ ಮಾಡಲು ಕಟ್ಟುತ್ತಿದ್ದ ಸಾರುವೆಯ ಮರಗಳನ್ನೆಲ್ಲ ಮಾರಿ ಮೇಸ್ತ್ರಿ ನೆಲಮಾಳಿಗೆ ಸರಿಮಾಡಿಕೊಟ್ಟ. ಜೊತೆಯ ಕೆಲಸಗಾರರು ಬೇರೆ ಕಡೆ ಹೋದರು. ಕೊನೆಯ ದಿನ ಮೆಟ್ಟಿಲ ಗೋಡೆಯಲ್ಲಿ ಒಡೆದ ಜಾಗವನ್ನು ಮುಚ್ಚುವುದು ಬಾಕಿ ಇತ್ತು. ಅವಳು ಅಭ್ಯಾಸದಂತೆ ಬಿಂದಿಗೆ ತಂದಳು.

"ನೀರು ಬೇಡ" ಅಂದ.

"ನೆನೆಸದೆ ಹೇಗೆ ಹಿಡಿಯುತ್ತೆ ರೀ?"

ಅವನು ಪೆನ್ಸಿಲ್ ತೆಗೆದು, ಇದ್ದಷ್ಟು ಜಾಗದಲ್ಲೇ ಮತ್ತೆ ಐದು ಸಾಲು ಬರೆದ. ಒಂದೇ ಸಹಿ ಹಾಕಿದ. ಒಣ ಇಟ್ಟಿಗೆ ಮೇಲೆಯೇ ಗಾರೆ ಮೆತ್ತಿ, ಮೇಲೆ ಮಾತ್ರ ಕನ್ನಡಿಯ ಹಾಗೆ ನಯ ಮಾಡಿದ. "ಯಾರಾದ್ರೂ ನೋಡಬೇಕು ಅಂದ್ರೆ, ಈ ಸಲ ಸುಲಭವಾಗಿ ಬಿಡುತ್ತೆ" ಅಂದ.

ಯಾರೂ ನೋಡಬೇಕು ಅನ್ನಲಿಲ್ಲ. ಮೂರು ವರ್ಷ ಬೇರೆಯವರ ಕೈಕೆಳಗೆ ದಿನಗೂಲಿ ಮಾಡಿದ. ಕೆಲಸ ಮುಗಿದ ಗೋಡೆಗೆ ಕೈಯಾಡಿಸಿ ನೋಡುವುದನ್ನು ಬಿಟ್ಟಿದ್ದ. ಆಮೇಲೆ ಎದೆಯ ಕಾಯಿಲೆಗೆ ಹೋಗಿಬಿಟ್ಟ.

ಅವಳು ಒಮ್ಮೆ ಆ ಗ್ರಂಥಾಲಯಕ್ಕೆ ಹೋದಳು. ಓದಲು ಬಂದವರು ಪಕ್ಕದಲ್ಲೇ ಹತ್ತಿ ಇಳಿಯುತ್ತಿದ್ದರು. ಮೆಟ್ಟಿಲ ತಿರುವಿನಲ್ಲಿ ನಿಂತು ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋದಳು. ಗಟ್ಟಿ, ಗಟ್ಟಿ, ಗಟ್ಟಿ. ಅವಳ ಎದೆಯ ಎತ್ತರದಲ್ಲಿ ಒಂದು ಕಡೆ ಮಾತ್ರ ಖಾಲಿ ಡಬ್ಬಿಯ ಹಾಗೆ ಸದ್ದು ಬಂತು. ಅಂಚಿಗೆ ಉಗುರು ಹಾಕಿದರೆ ಸಾಕಿತ್ತು, ಕೈಗೆ ಬರುತ್ತಿತ್ತು. ಬಂದರೂ ಓದುವವರು ಯಾರು? ಅಂಗೈಯನ್ನು ಅಲ್ಲೇ ಒತ್ತಿಕೊಂಡು, ಬಾಗಿಲು ಹಾಕುವ ಹೊತ್ತಾಯಿತು ಅಂತ ಕಾವಲಿನವನು ಬಂದು ಹೇಳುವ ತನಕ ನಿಂತಿದ್ದಳು.