ಕಲ್ಲಿನ ತವರಿಗೆ ಹೊರಟ ಮಂಗಳಗೌರಿ

ಚನ್ನಪಟ್ಟಣದ ಚೆಲುವಯ್ಯ ತನ್ನ ವ್ಯಾನಿನಲ್ಲಿ ಜನರನ್ನು ಮಾದಪ್ಪನ ಬೆಟ್ಟಕ್ಕೆ, ಧರ್ಮಸ್ಥಳಕ್ಕೆ, ಕಾಶಿಗೆ ಕರೆದೊಯ್ದು ಕರೆತಂದೇ ತಲೆ ನರೆಸಿಕೊಂಡವನು. ಬೆಂಕಿ ಕಾರುವ ಬೆಟ್ಟ ತೋರಿಸು ಎಂದು ಅವನನ್ನು ಕೇಳಿದವಳು ಮಾತ್ರ ಅಕ್ಕೂರಿನ ಮಂಗಳಗೌರಿ ಒಬ್ಬಳೇ.

"ಅಕ್ಕಾ, ಬೆಟ್ಟ ನೋಡ್ಬೇಕು ಅಂದ್ರೆ ರಾಮನಗರದಲ್ಲಿ ಬಸ್ ಇಳಿದು ತಲೆ ಎತ್ತುದ್ರಾಯ್ತು. ಉರಿಯೋ ಬೆಟ್ಟ ಯಾಕೆ?" ಎಂದ ಅವನು.

"ಇಲ್ಲಿರೋವು ಆರಿಹೋಗಿರೋವು ಕಣಪ್ಪ. ನಂಗೆ ಒಲೆ ಮೇಲಿರೋದು ಬೇಕು."

ಚೆಲುವಯ್ಯ ನಕ್ಕ. ಅವಳು ನಗಲಿಲ್ಲ. ಆಗ ಅವನಿಗೆ ಇದು ತಮಾಷೆಯಲ್ಲ ಎಂದು ಗೊತ್ತಾಯಿತು.

ಮಂಗಳಗೌರಿ ಹುಟ್ಟಿದ್ದು ಮಾಗಡಿ ಕಡೆ, ಸಾವನದುರ್ಗ ಕಾಣುವ ಒಂದು ಹಳ್ಳಿಯಲ್ಲಿ. ಅವಳ ಅಪ್ಪ ಬಂಡೆ ಎಬ್ಬಿಸುವ ಕೆಲಸದವನು. ಮದ್ದು ಸಿಡಿಸುತ್ತಿರಲಿಲ್ಲ. ಬಂಡೆಯ ಮೇಲೆ ಸೌದೆ ಹರಡಿ ಬೆಂಕಿ ಹಾಕುವುದು, ಸುತ್ತಿಗೆಯಿಂದ ತಟ್ಟಿ ತಟ್ಟಿ ಸದ್ದು ಕೇಳುವುದು, ಬೆಂಕಿಯನ್ನು ಮುಂದಕ್ಕೆ ಸರಿಸುವುದು. ಸ್ವಲ್ಪ ಹೊತ್ತಿಗೆ ಒಳಗೆಲ್ಲೋ 'ಟಣ್' ಎನ್ನುತ್ತಿತ್ತು. ಮನೆಯಗಲದ ಚಪ್ಪಡಿಯೊಂದು ತಾಯಿಬಂಡೆಯಿಂದ ಮೇಲಕ್ಕೆದ್ದಿರುತ್ತಿತ್ತು. ಬುತ್ತಿ ತಂದ ಮಗಳು ಬಾಯಿ ತೆರೆದು ನೋಡುತ್ತಿದ್ದರೆ ಅಪ್ಪ ಹೇಳುತ್ತಿದ್ದ: "ಬೆಂಕಿ ಕಲ್ಲಿನ ತವರು ಕಣವ್ವಾ. ಕಲ್ಲೆಲ್ಲಾ ಅಲ್ಲಿಂದ್ಲೇ ಬಂದಿರೋದು. ತವರಿಂದ ಯಾರಾದ್ರೂ ಬಂದವ್ರೆ ಅಂದ್ರೆ ಹೆಣ್ಣುಮಕ್ಳು ಕೂತಿರ್ತಾರಾ? ಎದ್ದು ಬರಾಕಿಲ್ವಾ?"

ಆ ಮಾತು ಅವಳ ಜೊತೆ ಅಕ್ಕೂರಿಗೂ ಬಂತು. ಇಲ್ಲಿ ಗಂಡ ರುದ್ರಪ್ರಸಾದನ ಮನೆಯಲ್ಲಿ ಕಲ್ಲಿನ ಕೆಲಸವಿಲ್ಲ, ರೇಷ್ಮೆ ಹುಳುವಿನದು. ಹುಳು ಮನೆಯಲ್ಲಿದ್ದರೆ ಮದುವೆ ಊಟಕ್ಕೆ ಹೋದವರೂ ಕೈ ತೊಳೆದು ಓಡಿ ಬರಬೇಕು. ಒಂದು ಬೆಳೆ ಮುಗಿಯಿತು ಅನ್ನುವಾಗ ಇನ್ನೊಂದು. ಬೆಳಗ್ಗೆ ಎದ್ದು ಲಿಂಗಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಹುಳುಮನೆಯ ಬಾಗಿಲು ತೆರೆದರೆ ದಿನ ಕಳೆದದ್ದೇ ತಿಳಿಯುತ್ತಿರಲಿಲ್ಲ. ಹೀಗೆ ಮಕ್ಕಳು ದೊಡ್ಡವರಾದರು, ಮದುವೆಯಾಗಿ ಹೋದರು. ಕಳೆದ ವರ್ಷ ಮಗಳು ಫೋನಿನಲ್ಲಿ ಒಂದು ವಿಡಿಯೋ ಕಳಿಸಿದಳು. ಅದರಲ್ಲಿ ಕಲ್ಲು ರಾಗಿ ಗಂಜಿಯ ಹಾಗೆ ಕೆಂಪಗೆ ಕೊತಕೊತ ಕುದಿಯುತ್ತಿತ್ತು. ಮಂಗಳಗೌರಿ ಸೊಪ್ಪು ಹಾಕುವುದನ್ನು ಬಿಟ್ಟು ಅದನ್ನು ಮತ್ತೆ ಮತ್ತೆ ನೋಡಿದಳು. ಅಪ್ಪ ಹೇಳಿದ್ದು ಕಥೆಯಲ್ಲ, ನಿಜ.

ಚೆಲುವಯ್ಯ ಬೆಂಗಳೂರಿನಲ್ಲಿ ವಿದೇಶ ಪ್ರವಾಸ ನಡೆಸುವವರನ್ನು ವಿಚಾರಿಸಿಕೊಂಡು, ಒಂದು ಭಾನುವಾರ ಭೂಪಟದ ಸಮೇತ ಬಂದ. ಜಗಲಿಯ ಮೇಲೆ ಹರಡಿ ನಾಲ್ಕು ಮೂಲೆಗೂ ತೆಂಗಿನಕಾಯಿ ಇಟ್ಟ. ಬೀದಿಯ ಹೆಂಗಸರೆಲ್ಲ ಸುತ್ತ ಕೂತರು. ಎಲ್ಲರೂ ಹುಳು ಸಾಕುವವರೇ.

"ಇದು ಜಾವಾ ದ್ವೀಪ. ವಿಮಾನದಿಂದ ಇಳುದ್ಮೇಲೆ ಎಲ್ಲಾ ರೋಡ್ ಮೇಲೇ. ಮೊದ್ಲು ಮೆರಾಪಿ ಬೆಟ್ಟ. ಒಂದೊಂದ್ಸಲ ರಾತ್ರಿ ದೂರದಿಂದ್ಲೇ ಕೆಂಪಗೆ ಕಾಣ್ತದಂತೆ. ಅದರ ತಪ್ಪಲಲ್ಲೇ ಪ್ರಂಬಾನನ್ ಅಂತ ದೊಡ್ಡ ಶಿವನ ಗುಡಿ ಐತೆ."

"ಶಿವನ ಗುಡಿಯಾ? ಅಷ್ಟು ದೂರದಲ್ಲಾ?" ಮಂಗಳಗೌರಿಯ ಕೈ ತಾನಾಗಿ ಎದೆಯ ಮೇಲಿನ ಲಿಂಗವನ್ನು ಮುಟ್ಟಿತು.

"ಹೂಂ ಅಕ್ಕ, ಸಾವಿರ ವರ್ಷದ್ದು. ಆಮೇಲೆ ಜೀಪಲ್ಲಿ ಮರಳುಗಾಡು ದಾಟಿ ಬ್ರೋಮೋ. ಮೆಟ್ಲು ಹತ್ತಿ ಹೋದ್ರೆ ಬಾಯಿ ತನಕ ನೋಡ್ಬೋದು, ಬುಸುಬುಸು ಹೊಗೆ. ಬಾಯಿ ಅಂಚಲ್ಲೇ ಗಣಪತಿ ಕೂತವ್ನಂತೆ."

"ನಮ್ಮ ಗಣಪ ಅಲ್ಲೂ ಹೋಗಿ ಕೂತ್ಬುಟ್ಟವ್ನಾ!" ಎಂದು ಯಾರೋ ಕಿಸಕ್ಕನೆ ನಕ್ಕರು.

"ಕೊನೇಗೆ ಇಜೆನ್. ಅಲ್ಲಿ ಗಂಧಕ ಉರಿಯೋದು ನೀಲಿ ಬೆಂಕಿ. ಮೂಗಿಗೆ ಮುಸುಕು ಹಾಕ್ಕೊಂಡೇ ಇಳೀಬೇಕು, ಅಷ್ಟು ವಾಸ್ನೆ."

ವಾಸನೆ ಎಂದದ್ದೇ ಹೆಂಗಸರು ಮುಖ ಮುಖ ನೋಡಿಕೊಂಡರು. ಹುಳುಮನೆಗೆ ಬೀಡಿ ಸೇದಿದವರನ್ನು ಬಿಡುವುದಿಲ್ಲ, ಪೌಡರು ಹಾಕಿದವರನ್ನೂ ಬಿಡುವುದಿಲ್ಲ. ಇನ್ನು ಗಂಧಕದ ಹೊಗೆ ಕುಡಿದ ಸೀರೆ ಉಟ್ಟು ಒಳಗೆ ಕಾಲಿಟ್ಟರೆ?

"ಹುಳ ಒಂದೂ ಉಳಿಯಾಕಿಲ್ಲ," ಎಂದ ರುದ್ರಪ್ರಸಾದ್, ಕಂಬಕ್ಕೆ ಒರಗಿಕೊಂಡು. "ಗ್ಯಾಸ್ ಒಲೆ 'ಭಗ್' ಅಂದ್ರೆ ಅಂಗಳಕ್ಕೆ ನೆಗೆಯೋಳು, ಬೆಂಕಿ ಬೆಟ್ಟಕ್ಕೆ ಹೊಂಟವ್ಳೆ. ಜೊತೇಗೆ ನನ್ನ ಹುಳಾನೂ ಕೊಂದ್ಬುಡ್ತಾಳೆ."

"ಸುಮ್ನಿರ್ರೀ. ಬರೋ ಹೊತ್ಗೆ ಯಾರ ಮನೇಲೂ ಹುಳ ಇಲ್ದಂಗೆ ಮಾಡುದ್ರಾಯ್ತು," ಎಂದಳು ಮಂಗಳಗೌರಿ. ಅವಳ ಕಣ್ಣು ಆಗಲೇ ಮಿಂಚುತ್ತಿತ್ತು. "ಎಲ್ರೂ ಒಂದೇ ದಿನ ಮರಿ ತರಣ. ಒಂದೇ ದಿನ ಬೆಳೆ ಮುಗೀತದೆ. ಗೂಡು ಮಾರಿ, ಮನೆ ತೊಳ್ದು, ಬಾಗ್ಲು ಹಾಕಿ ಹೊರಡಣ."

ಎಷ್ಟು ಸುಲಭ! ಎಲ್ಲರೂ ಹೌದು ಹೌದು ಎಂದರು. ಆರು ಮನೆಯವರು ಸೈ ಎಂದರು. ಗೂಡಿನ ಮಾರುಕಟ್ಟೆಯಲ್ಲಿ ಸ್ನೇಹವಾದ ಉಯ್ಯಂಬಳ್ಳಿಯ ದೊಡ್ಡಲಕ್ಷ್ಮಮ್ಮ ಫೋನಿನಲ್ಲೇ "ನಾನೂ ಬತ್ತೀನಿ" ಎಂದಳು. ತವರೂರಿನಲ್ಲೇ ಹುಳು ಸಾಕಿಕೊಂಡಿರುವ ಬಾಲ್ಯದ ಗೆಳತಿ ಬೋರಮ್ಮ ಸೇರಿದಳು. ಇವರ ಗೂಡು ಕೊಳ್ಳುವ, ರಾಮನಗರದಲ್ಲಿ ನೂಲು ತೆಗೆಸುವ ಮುಬಶ್ಶಿರಾ "ನನ್ನ ಬಿಟ್ಟು ಹೋದ್ರೆ ನೋಡಿ ಮತ್ತೆ!" ಎಂದಳು. ಮರಿಹುಳು ಎಲ್ಲರ ಮನೆಗೂ ಒಂದೇ ದಿನ ಬಂದವು. ಹುಳುಮನೆಗಳಲ್ಲಿ ಸೊಪ್ಪು ಹಾಕುತ್ತಾ ಹೆಂಗಸರು ಸ್ವೆಟರಿನ ಮಾತು, ಹುರಿಹಿಟ್ಟಿನ ಮಾತು, ಸೀರೆ ಉಟ್ಟು ಜೀಪು ಹತ್ತುವುದು ಹೇಗೆಂಬ ಮಾತು ಆಡಿದ್ದೇ ಆಡಿದ್ದು. ಪಾಸ್‌ಪೋರ್ಟಿನ ಫೋಟೋದಲ್ಲಿ ತಾನು ಕಳ್ಳಿಯ ಹಾಗೆ ಕಾಣುತ್ತೇನೆ ಎಂದು ಒಬ್ಬಳ ಗೋಳು. ಇಂಥ ಸಡಗರದಲ್ಲಿ, ಈ ಬೀದಿಗೆ ಬಂದಾಗಿನಿಂದ ಗೊತ್ತಿದ್ದ ಒಂದು ಸಂಗತಿಯನ್ನು ಎಲ್ಲರೂ ಮರೆತಿದ್ದರು.

ಅದು ನೆನಪಾದದ್ದು ಹುಳುಗಳು ನಾಲ್ಕನೆಯ ಸಲ ಪೊರೆ ಬಿಟ್ಟು ಎದ್ದ ಮಾರನೆಯ ದಿನ. ಇನ್ನೊಂದು ವಾರಕ್ಕೆ ಹುಳು ಹಣ್ಣಾಗುತ್ತದೆ. ಮೈ ಗಾಜಿನಂತಾಗಿ, ಮೇಯುವುದು ಬಿಟ್ಟು, ತಲೆ ಎತ್ತುತ್ತದೆ. ಆಗ ಅದನ್ನು ಆರಿಸಿ, ಗೂಡು ಕಟ್ಟಲೆಂದೇ ಬಿದಿರಿನಲ್ಲಿ ಹೆಣೆದ ತಟ್ಟಿಯಾದ ಚಂದ್ರಿಕೆಯ ಮೇಲೆ ಬಿಡಬೇಕು. ಆ ಹೊತ್ತು ತಪ್ಪಿದರೆ ಕಸಕಡ್ಡಿಯ ಮೇಲೆಲ್ಲ ನೂಲು ಸುರಿದು ಹಾಳಾಗುತ್ತದೆ. ಅಕ್ಕೂರಿನ ಆ ಬೀದಿಗೆ ಚಂದ್ರಿಕೆಗಳು ಮಹಿಳಾ ಸಂಘದವು. ಎರಡು ಮನೆಗೆ ಆಗುವಷ್ಟು. ಸರದಿ ಯಾರದೋ ಅವರು ಬಂದು ಚಂದ್ರಿಕೆಯ ಅಟ್ಟಿಗೆ ಒಂದು ಹಸಿ ಹಿಪ್ಪುನೇರಳೆ ಕಡ್ಡಿ ಸಿಕ್ಕಿಸಿ ಹೋಗುವುದು ರೂಢಿ. ಒಬ್ಬರ ಕಡ್ಡಿ ಒಣಗುವ ಹೊತ್ತಿಗೆ ಇನ್ನೊಬ್ಬರದು ಬರುತ್ತದೆ. ಹುಳು ಆರಿಸುವ ಕೈಗಳೂ ಹಾಗೆಯೇ, ಇವತ್ತು ನಿಮ್ಮ ಮನೆಗೆ, ನಾಳಿದ್ದು ನಮ್ಮ ಮನೆಗೆ.

ಮಂಗಳಗೌರಿ ಸಂಘದ ಕೋಣೆಯ ಬಾಗಿಲು ತೆರೆದು, ಕಡ್ಡಿ ಸಿಕ್ಕಿಸಲು ಕೈ ಎತ್ತಿದವಳು ಹಾಗೇ ನಿಂತಳು. ಅಟ್ಟಿಯ ತುಂಬ ಕಡ್ಡಿಗಳು. ಎಲ್ಲವೂ ಹಸಿ. ಎಲೆ ಇನ್ನೂ ಬಾಡಿರಲಿಲ್ಲ.

ಆರು ಮನೆ ಒಂದೇ ದಿನ ಹಣ್ಣು. ಎರಡು ಮನೆಗಾಗುವಷ್ಟು ಚಂದ್ರಿಕೆ. ಸಹಾಯಕ್ಕೆ ಬರುವ ಕೈ ಒಂದೂ ಇಲ್ಲ, ಅವರವರ ಮನೆಯಲ್ಲೇ ಸಾಲದು. ಈ ಯೋಜನೆ ಹೂಡಿದವಳು ತಾನು. ತನ್ನ ಒಂದು ಆಸೆಗೆ ಬೀದಿಯ ಬೆಳೆಯನ್ನೆಲ್ಲ ಪಣಕ್ಕಿಟ್ಟ ಹಾಗಾಯಿತಲ್ಲ.

ಅಂದು ಸಂಜೆ ಎಲ್ಲರನ್ನೂ ಜಗಲಿಗೆ ಕರೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಟೂರು ಬ್ಯಾಡ, ಬುಟ್ಬುಡಣ," ಎಂದಳು.

"ಟೂರು ಬುಟ್ರೆ ಹುಳ ಕೇಳ್ತವಾ ಗೌರಕ್ಕ? ಅವು ಹಣ್ಣಾಗೇ ಆಯ್ತವೆ," ಎಂದಳು ಪಕ್ಕದ ಮನೆಯ ಯಶೋಧಾ. "ನೀ ಒಬ್ಳೇ ಮರ್ತಿದ್ದಾ? ನಾವೆಲ್ಲಾ ಜೀಪಲ್ಲಿ ಕಿಟಕಿ ಸೀಟು ಯಾರಿಗೆ ಅಂತ ಜಗಳಾಡ್ತಿದ್ವಲ್ಲ. ಎಂಗಾರ ಮಾಡಿ ದಾರಿ ಹುಡ್ಕು. ದಾರಿ ಹಾಕೋದ್ರಲ್ಲಿ ನೀ ಗಟ್ಟಿಗಿತ್ತಿ."

ಮರುದಿನ ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತ ಮಂಗಳಗೌರಿಗೆ ಮಂತ್ರದ ನಡುವೆ ಭೂಪಟವೇ ಕಾಣುತ್ತಿತ್ತು. ತಪ್ಪಾಯಿತು ಶಿವನೇ ಎಂದು ಮತ್ತೆ ಕಣ್ಣು ಮುಚ್ಚಿದಳು. ಮತ್ತೆ ಭೂಪಟ. ಮೆರಾಪಿ, ಬ್ರೋಮೋ, ಇಜೆನ್. ಬೆಟ್ಟ ಮೂರು, ಬಂಡಿ ಒಂದು. ಒಂದನ್ನು ಮುಗಿಸಿಕೊಂಡು ಇನ್ನೊಂದಕ್ಕೆ.

ಪೂಜೆ ಮುಗಿಸಿದವಳೇ ಫೋನು ಹಿಡಿದಳು. ಮರಿ ತಂದದ್ದು ಒಂದೇ ದಿನವಾದರೂ ಹುಳು ಹಣ್ಣಾಗುವುದು ಬಿಸಿಲನ್ನು ನೋಡಿ. ಉಯ್ಯಂಬಳ್ಳಿ ಕಡೆ ಕುದಿಯುವ ಸೆಕೆ. ದೊಡ್ಡಲಕ್ಷ್ಮಮ್ಮನ ಹುಳು ಎಲ್ಲರಿಗಿಂತ ಮೊದಲು. ಮಾಗಡಿ ಕಡೆ ತಂಪು. ಬೋರಮ್ಮನದು ಎಲ್ಲರಿಗಿಂತ ಕೊನೆ. ನಡುವೆ ಅಕ್ಕೂರು.

"ದೊಡ್ಡಕ್ಕ, ನಿಂದು ಮುಗುದ್ಮೇಲೆ ನಿಮ್ಮೂರ ಹೆಂಗಸರ್ನ ಕರ್ಕೊಂಡು ಬತ್ತೀಯಾ?"

"ಬರ್ದೆ ಏನು? ವ್ಯಾನ್ ಕಳ್ಸು. ಆದ್ರೆ ಮುದ್ದೆ ಚೆನ್ನಾಗಿ ಇಕ್ಬೇಕು."

"ಬೋರಿ, ನಿಮ್ಮನೇಲಿ ಈಗ ಪ್ಲಾಸ್ಟಿಕ್ ಚಂದ್ರಿಕೆ ಅಲ್ವಾ? ಹಳೇ ಬಿದಿರಿನವು ಏನ್ ಮಾಡಿದ್ದೀ?"

"ಅಟ್ಟದ ಮೇಲವೆ ಕಣೆ. ಕೋಳಿ ಮೊಟ್ಟೆ ಇಕ್ತವೆ."

"ಕೋಳಿ ಓಡ್ಸು. ಬ್ಲೀಚಿಂಗ್ ನೀರಲ್ಲಿ ತೊಳ್ದು ಬಿಸ್ಲಿಗಿಕ್ಕು. ಗಾಡಿ ಬತ್ತದೆ."

ಇದನ್ನೆಲ್ಲ ಕೇಳಿದ ಚೆಲುವಯ್ಯ ತಲೆ ಕೆರೆದುಕೊಂಡ. "ಅಲ್ಲಕ್ಕ, ನಾ ಜಾವಾ ತೋರ್ಸೋನು. ನೀವು ನಂಗೇ ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಟೂರ್ ಹಾಕ್ಬುಟ್ರಲ್ಲ!" ಎಂದವನು ವ್ಯಾನಿಗೆ ಡೀಸೆಲ್ ತುಂಬಿಸಿದ. ಮೊದಲು ಮಾಗಡಿಗೆ ಹೋಗಿ ಚಂದ್ರಿಕೆಗಳನ್ನು ವ್ಯಾನಿನ ತಲೆಯ ಮೇಲೆ ಹೇರಿಕೊಂಡು ಬಂದ. ಅಕ್ಕೂರಿನ ಹುಳು ತಲೆ ಎತ್ತಿದ ದಿನ ಉಯ್ಯಂಬಳ್ಳಿಯ ಹೆಂಗಸರನ್ನು ತುಂಬಿಕೊಂಡು, ಕನಕಪುರ ದಾಟಿ, ರಾಮನಗರದಲ್ಲಿ ಮುಬಶ್ಶಿರಾಳನ್ನೂ ಅವಳ ನೂಲು ತೆಗೆಯುವ ಹೆಂಗಸರನ್ನೂ ಹತ್ತಿಸಿಕೊಂಡು ಬಂದ.

ಹುಳುಮನೆಯ ಹೊಸ್ತಿಲಲ್ಲಿ ಮುಬಶ್ಶಿರಾ ಸ್ತಬ್ಧಳಾಗಿ ನಿಂತುಬಿಟ್ಟಳು. "ಅರೆ ಗೌರಕ್ಕಾ, ಎಲ್ಲಾ ಅಲ್ಲಾಡ್ತಿವೆ! ಹುಟ್ಟಿದಾಗಿಂದ ಗೂಡು ನೋಡಿದೀನಿ, ಇದನ್ನ ಹಿಂಗೆ ಮುಟ್ಟಿಲ್ಲ."

"ಉರಿಯೋ ಬೆಟ್ಟ ಇಳಿಯೋಳು ಹುಳಕ್ಕೆ ಹೆದರ್ತೀಯಾ?" ಎಂದಳು ದೊಡ್ಡಲಕ್ಷ್ಮಮ್ಮ.

"ಬೆಟ್ಟ ಕೈ ಮೇಲೆ ಹತ್ತಲ್ವಲ್ಲ ಅಕ್ಕ!"

ಆದರೂ ಕಣ್ಣು ಮುಚ್ಚಿ ಒಂದನ್ನು ಎತ್ತಿದಳು. ಎರಡನೆಯದಕ್ಕೆ ಒಂದು ಕಣ್ಣು ತೆರೆದಳು. ಸ್ವಲ್ಪ ಹೊತ್ತಿಗೆ ಅವಳ ಕೈ ಎಲ್ಲರಿಗಿಂತ ಚುರುಕಾಗಿ ಓಡುತ್ತಿತ್ತು. ಬಿಸಿನೀರಿನಲ್ಲಿ ಎಳೆ ಹುಡುಕಿ ಪಳಗಿದ ಬೆರಳುಗಳು. ಒಂದು ಮನೆ ಮುಗಿಸಿ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೆಂಗಸರು ಬೀದಿಯುದ್ದಕ್ಕೂ ದಂಡಿನ ಹಾಗೆ ನುಗ್ಗಿದರು. ಚಂದ್ರಿಕೆ ಇನ್ನೂ ಸಾಲದಾದಾಗ ರುದ್ರಪ್ರಸಾದ್ ಹಿತ್ತಲಿನಿಂದ ಒಣ ತೊಗರಿಕಡ್ಡಿಯ ಹೊರೆ ತಂದು, ಹಿಂದಿನವರು ಮಾಡುತ್ತಿದ್ದ ಹಾಗೆ ಹರಡಿದ. ಹೆಂಡತಿಯ ಮುಖ ನೋಡದೆ, "ಆ ಗಣಪತಿಗೆ ನನ್ನ ಹೆಸರಲ್ಲೂ ಒಂದು ಕಾಯಿ ಒಡಿ," ಎಂದ. ಇಳಿಹೊತ್ತಿಗೆ ಕೊನೆಯ ಮನೆಯ ಕೊನೆಯ ಹುಳುವೂ ಜಾಗ ಹಿಡಿಯಿತು. ಚಂದ್ರಿಕೆಯ ಹತ್ತಿರ ಕಣ್ಣು ಇಟ್ಟರೆ, ತಲೆ ಆಡಿಸುತ್ತಾ ಹುಳುಗಳು ಮೊದಲ ಎಳೆ ಬಿಡುವುದು ಕಾಣುತ್ತಿತ್ತು.

ಎರಡು ದಿನ ಬಿಟ್ಟು ಅದೇ ವ್ಯಾನು ಎಲ್ಲರನ್ನೂ ತುಂಬಿಕೊಂಡು ಮಾಗಡಿಯ ದಾರಿ ಹಿಡಿಯಿತು. ಕಿಟಕಿ ಸೀಟಿಗೆ ಜಗಳ, ಹುರಿಗಡಲೆ, ನಡುವೆ ಯಾರದೋ ಹಾಡು. ಬೋರಮ್ಮನ ಹುಳು ಆರಿಸುವುದು ಮಧ್ಯಾಹ್ನಕ್ಕೇ ಮುಗಿದುಹೋಯಿತು. ಊಟಕ್ಕೆ ಎಲೆ ಹಾಕುವಾಗ ಚೆಲುವಯ್ಯ ಫೋನು ಹಿಡಿದು ಬಂದ. "ಅಕ್ಕಾ, ಬೆಂಗಳೂರಿನವ್ರು ಕೇಳ್ತಾವ್ರೆ. ಟಿಕೆಟ್ ಮಾಡ್ಸಿ ಅನ್ಲಾ, ಬ್ಯಾಡ ಅನ್ಲಾ?"

ಮಂಗಳಗೌರಿ ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಮುಬಶ್ಶಿರಾ ಮಾತ್ರ ಗಾಳಿಯಲ್ಲೇ ಎರಡೂ ಕೈಯಿಂದ ಇಲ್ಲದ ಜೀಪಿನ ಸ್ಟಿಯರಿಂಗು ತಿರುಗಿಸುತ್ತಿದ್ದಳು.

"ನಮ್ಮೂರ ಗೂಡು ಹೆಂಗೈತೆ, ಒಂದ್ಮಾತು ಕೇಳ್ತೀನಿ ತಡಿ," ಎಂದು ಗಂಡನಿಗೆ ಫೋನು ಮಾಡಿದಳು. ಆರೂ ಮನೆ ನೋಡಿಕೊಂಡು ಬಂದೆ, ಚಂದ್ರಿಕೆಯ ಮೇಲೆಲ್ಲ ಹೊಂಬಣ್ಣ ತುಂಬಿಕೊಂಡಿದೆ, ತೊಗರಿಕಡ್ಡಿಯಲ್ಲೂ ಗೂಡು ಗಟ್ಟಿಯಾಗಿದೆ ಎಂದ ಅವನು. ಫೋನು ಇಟ್ಟು ಚೆಲುವಯ್ಯನ ಕಡೆ ತಿರುಗಿದಳು.

"ಮಾಡ್ಸಪ್ಪ. ಎಲ್ರಿಗೂ."

ಅಂಗಳದಲ್ಲಿ ಎದ್ದ ಗದ್ದಲಕ್ಕೆ ಅಟ್ಟದ ಕೋಳಿಗಳು ಹಾರಿ ಹೊರಗೆ ಬಂದವು.

ಊಟವಾದ ಮೇಲೆ ಅವಳು ಒಬ್ಬಳೇ ಊರ ಹಿಂದಿನ ಬಂಡೆಯ ಹತ್ತಿರ ಹೋದಳು. ಅಪ್ಪ ಬೆಂಕಿ ಹಾಕಿದ ಕಪ್ಪು ಕಲೆ ಇನ್ನೂ ಅಲ್ಲಲ್ಲಿ ಉಳಿದಿತ್ತು. ಆಚೆ ಸಾವನದುರ್ಗ ಬಿಸಿಲು ಹೊದ್ದು ಮಲಗಿತ್ತು. ಮಂಗಳಗೌರಿ ಕೂತು, ಬಂಡೆಯ ಮೇಲೆ ಅಂಗೈ ಊರಿದಳು. ಬೆಳಗಿನಿಂದ ಬಿಸಿಲು ಕುಡಿದ ಕಲ್ಲು ಬೆಚ್ಚಗಿತ್ತು, ಜ್ವರ ಬಿಡುತ್ತಿರುವ ಮಗುವಿನ ಹಣೆಯ ಹಾಗೆ.

"ನಿನ್ ತವರಿಗೆ ಹೊಂಟಿದ್ದೀನಿ ಕಣವ್ವ," ಎಂದಳು. "ಏನಾರ ಹೇಳ್ಬೇಕಾ?"

ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದಳು. ಆಮೇಲೆ ವ್ಯಾನಿನ ಹಾರ್ನು ಕೇಳಿ, ಸೆರಗು ಕೊಡವಿಕೊಂಡು ಎದ್ದಳು.