ಟೀವಿಯೊಳಗೆ ತೀರ್ಮಾನ ಕೇಳಿದಾಕಿ

ಆ ದಿನ ಬೆಳಿಗ್ಗೆ ನಲ್ಲಿ ನೀರು ಹಿಡಿದೆ. ಅಂಗಳ ಎರಡು ಸಲ ಗುಡಿಸಿದೆ. ಅದಿರಿನ ಲಾರಿಗಳು ಹೊಸಪೇಟೆಯಲ್ಲಿ ನಮ್ಮ ಓಣಿಯ ಬಾಯಿಗೇ ಹಾಯುತ್ತಿದ್ದ ಕಾಲ. ಕೆಂಪು ಧೂಳಿಗೆ ಹೆದರಿ ಬಿಳಿ ಬಟ್ಟೆ ಒಳಗೇ ಒಣಹಾಕಿದೆ. ಪುಂಡಿಸೊಪ್ಪು ಬಿಡಿಸಿದೆ. ಟೀವಿಯ ಗಾಜು ಒದ್ದೆ ಬಟ್ಟೆಯಿಂದ ಒರೆಸಿದೆ. ಮಧ್ಯಾಹ್ನ ಎರಡಕ್ಕೆ ನಮ್ಮ ರೊಟ್ಟಿಯಾಕಿ ಟೀವಿಯಲ್ಲಿ ಬರುವವಳಿದ್ದಳು.

ರೊಟ್ಟಿಯಾಕಿ ಅಂದರೆ ದಿನಾ ನಮ್ಮನೆಗೆ ಬಂದು ಜೋಳದ ರೊಟ್ಟಿ ಬಡಿದುಕೊಡುವಾಕೆ. ತವರು ಮೆಟ್ರಿ ಅನ್ನುವ ಹಳ್ಳಿ, ನಮ್ಮ ಹಿಂದಿನ ಓಣಿಯಲ್ಲಿ ಸಂಸಾರ. ಗಂಡ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಒಂಬತ್ತನೇ ತರಗತಿಯ ಮಗಳನ್ನು ಎರಡು ಲಾರಿ ಇಟ್ಟಿದ್ದ ಒಬ್ಬನಿಗೆ ಕೊಡುವುದಾಗಿ ಅವನು ಮಾತು ಕೊಟ್ಟು ಬಂದಿದ್ದ. ಇವಳಿಗೆ ಮಗಳು ಓದಬೇಕು. ದಿನಾ ಮಧ್ಯಾಹ್ನ ನನ್ನ ಜೊತೆ ಕೂತು ಹೆಂಗಸರ ಆ ಕಾರ್ಯಕ್ರಮ ನೋಡುತ್ತಿದ್ದಳು. ಅದನ್ನು ನಡೆಸುವ ಮೇಡಂ ಮಾತುಮಾತಿಗೆ ಸ್ತ್ರೀಶಕ್ತಿ, ಸಮಾನತೆ ಅನ್ನುತ್ತಿದ್ದಳು. "ಅಕ್ಕಾರ, ನನ್ನ ನ್ಯಾಯ ಆಕಿ ಕಡೆ ಒಯ್ರಿ," ಅಂದಳು. ಕಾಗದ ಬರೆದವಳು ನಾನೇ. ಅವರು ಕರೆದಾಗ ರೈಲು ಹತ್ತಿಸಿ ಬೆಂಗಳೂರಿಗೆ ಕರಕೊಂಡು ಹೋದವಳೂ ನಾನೇ.

ಇಳಕಲ್ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡಿದ್ದಳು. ಅಲ್ಲಿ ಟೀವಿಯವರು ಅದು ಬೇಡ ಅಂದರು. ರೈಲಿನಲ್ಲಿ ಮಲಗಲು ಉಟ್ಟಿದ್ದ ಹಳೇ ಸೀರೆಯನ್ನೇ ಮತ್ತೆ ಉಡಿಸಿದರು. ರೇಷ್ಮೆಯುಟ್ಟ ಮೇಡಂಗೆ ಮಾತ್ರ ಮೂರು ಸಲ ಪೌಡರ್. ನೋಡಲು ಕೂತ ನಮಗೆ, ತಾನು ಕೈ ಎತ್ತಿದಾಗ ಚಪ್ಪಾಳೆ ತಟ್ಟಬೇಕೆಂದು ಒಬ್ಬ ಹೇಳಿಕೊಟ್ಟ. ನಾನೂ ತಟ್ಟಿದೆ. ಅದಕ್ಕೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು.

ಮೇಡಂ ಕೇಳಿದ್ದೆಲ್ಲ ಗಂಡ ಕುಡಿಯುತ್ತಾನಾ, ಹೊಡೆಯುತ್ತಾನಾ ಅಂತ. ಇವಳು ತಿರುಗಿ ತಿರುಗಿ ಮಗಳ ಮಾತಿಗೇ ಬರುತ್ತಿದ್ದಳು. ಕೊನೆಗೆ ಇವಳ ಸತ್ತ ತಾಯಿಯ ವಿಷಯ ತೆಗೆದು ಅಳಿಸಿದರು. ಮುಗೀತು, ಏಳಿ ಅಂದರು. ಇವಳು ಏಳಲಿಲ್ಲ. ನಮ್ಮ ಕಡೆ ಹಿರಿಯರ ಕಟ್ಟೆಗೆ ನ್ಯಾಯ ಒಯ್ದರೆ ತೀರ್ಮಾನ ಆಗುವವರೆಗೆ ಯಾರೂ ಏಳುವಂತಿಲ್ಲ. ಇದೂ ಅಂಥದ್ದೇ ಅಂದುಕೊಂಡಿದ್ದಳು.

"ತೀರ್ಮಾನ ಹೇಳ್ರಿ ಮೇಡಂ. ನನ್ನ ಮಗಳಿಗೆ ಇನ್ನೂ ಹದಿನೈದು. ಲಗ್ನ ಬ್ಯಾಡ ಅಂತ ಹೇಳ್ರಿ, ಏಳ್ತೀನಿ."

"ಇದು ಟೀವಿ ಅಮ್ಮಾ, ಪಂಚಾಯಿತಿ ಅಲ್ಲ."

"ಮತ್ತ ಇಷ್ಟ್ ಮಂದೀನ ಯಾಕ ಕುಂದರ್ಸೀರಿ?"

ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ಹೊರಗೆ ಬಂದಾಗ ಕೈಗೊಂದು ಕುಕ್ಕರ್ ಕೊಟ್ಟರು.

ಆ ದಿನ ಎರಡಕ್ಕೆ, ಅವಳನ್ನೂ ಕೂರಿಸಿಕೊಂಡು, ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತು ನೋಡಿದೆವು. ಅವಳ ಅಳು ಮೂರು ಸಲ ಬಂತು, ಪಿಟೀಲಿನ ಜೊತೆ. ಹದಿನೈದು ಅನ್ನುವ ಮಾತು ಒಂದು ಸಲವೂ ಬರಲಿಲ್ಲ. ಸ್ತ್ರೀವಾದ ಅಂದರೆ ಮನೆ ಒಡೆಯುವುದಲ್ಲ, ಹೊಂದಿಕೊಂಡು ಹೋಗುವುದು ಅಂತ ಮೇಡಂ ನಕ್ಕಳು. ಹದಿನೆಂಟು ತುಂಬದವಳಿಗೆ ಲಗ್ನ ಮಾಡುವುದು ಅಪರಾಧ ಅನ್ನಲು ಎಷ್ಟು ಹೊತ್ತು ಬೇಕಿತ್ತು? ನಡುನಡುವೆ ಸಾಬೂನಿನ ಜಾಹೀರಾತಿಗೆ ಇದ್ದ ಹೊತ್ತು ಹುಡುಗಿಗೆ ಇರಲಿಲ್ಲ. ಹೆಂಗಸರ ಕಣ್ಣೀರು ಹಿಂಡಿ ತೋರಿಸುವುದು, ಮೇಲೆ ಅದಕ್ಕೆ ಸ್ತ್ರೀವಾದ ಅಂತ ಹೆಸರು ಬೇರೆ.

"ಆ ಕುಕ್ಕರ್ ಸೀಟಿ ಹಾಕ್ತದೇನಲೇ, ಇಲ್ಲಾ ಅದೂ ಚಪ್ಪಾಳಿ ಹೊಡೀತದೋ?" ಅಂದಳು ಎದುರುಮನೆ ಅಜ್ಜಿ. ಎಲ್ಲರೂ ನಕ್ಕರು. ರೊಟ್ಟಿಯಾಕಿ ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದಳು.

"ನಮ್ಮ ಕಟ್ಟಿ ಐತಲ್ಲ ಅಕ್ಕಾರ. ಅಲ್ಲಿಂದ ಯಾರ್ ಎಬ್ಬಿಸ್ತಾರ ನೋಡ್ತೀನಿ."

ಹಿರಿಯರು ನ್ಯಾಯಕ್ಕೆ ಕೂರುವ ಬೇವಿನ ಮರದ ಕಟ್ಟೆಯ ಮೇಲೆ ಹೆಂಗಸರು ಕೂತದ್ದೇ ಇಲ್ಲ. ಹೋಗಿ ಕೂತಳು. ಪಕ್ಕದಲ್ಲಿ ನಾವೂ ಕೂತೆವು.

"ಕೆಳಗಿಳೀರವ್ವಾ," ಅಂದ ಅಲ್ಲಿದ್ದ ಹಿರಿಯರಲ್ಲೊಬ್ಬ.

"ಹುಡುಗಿಗೆ ಹದಿನೈದ್ರಿ," ಅಂದೆ ನಾನು. "ನೀವು ತೀರ್ಮಾನ ಹೇಳಲಿಲ್ಲಂದ್ರ ಇಲ್ಲಿಂದ ಸೀದಾ ಪೊಲೀಸ್ ಠಾಣೆಗೆ ಹೋಗ್ತೀವಿ."

ದೀಪ ಹಚ್ಚುವ ಹೊತ್ತಿಗೆ, ಡ್ಯೂಟಿ ಮುಗಿಸಿ ಬಂದ ಗಂಡನನ್ನು ಕರೆಸಿದರು. ಹತ್ತನೇದು ಮುಗಿಯುವವರೆಗೆ ಲಗ್ನದ ಮಾತಿಲ್ಲ ಅಂದ. ಇವಳು ಏಳಲಿಲ್ಲ. ಹಿರಿಯರು ಮುಖ ಮುಖ ನೋಡಿಕೊಂಡರು. ಅವನು ನೆಲ ನೋಡುತ್ತ ಹದಿನೆಂಟು ತುಂಬುವವರೆಗೆ ಅಂದ. ಎಲ್ಲರೆದುರು ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಎದ್ದಳು.

ಗಂಡ ಸಿಟ್ಟಿನಲ್ಲಿದ್ದನೆಂದು ತಾಯಿ ಮಗಳನ್ನು ಅವತ್ತು ನಮ್ಮಲ್ಲೇ ಇರಿಸಿಕೊಂಡೆ. ಬೆಳಗಿನ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ಉಂಡೆವು. ಕುಕ್ಕರ್ ಡಬ್ಬಿ ಯಾರೂ ಬಿಚ್ಚಲಿಲ್ಲ. ಹುಡುಗಿ ನಾಳೆಯ ಲೆಕ್ಕದ ಪುಸ್ತಕ ಚೀಲಕ್ಕೆ ಹಾಕಿಟ್ಟು, ಎಲ್ಲರಿಗಿಂತ ಮೊದಲು ನಿದ್ದೆಹೋದಳು.